ತುಟಿಯ ಕ್ಯಾನ್ಸರ್‌ಪೂರ್ವ ಬದಲಾವಣೆ: ಬೆಳಕಿನ ಪತ್ತೆಯ ಇತಿಹಾಸ

ತುಟಿಯ ಕೆಂಪು ಭಾಗದ ಹೊರಪದರ ಬಲು ತೆಳು, ಅದರಲ್ಲಿ ಮೆಲನಿನ್ ಕೂಡ ಕಡಿಮೆ. ವರ್ಷಗಟ್ಟಲೆ ಬಿಸಿಲಲ್ಲಿ ದುಡಿಯುವ ರೈತರು ಮತ್ತು ಮೀನುಗಾರರಲ್ಲಿ, ಅದರಲ್ಲೂ ಬಿಳಿ ಮೈಬಣ್ಣದವರಲ್ಲಿ, ಕೆಳತುಟಿ ಒಣಗಿ ಸಿಪ್ಪೆಯೇಳುತ್ತದೆ. ತುಟಿಗೂ ಚರ್ಮಕ್ಕೂ ನಡುವಿನ ಗೆರೆ ಮಾಸುತ್ತದೆ. ಆಕ್ಟಿನಿಕ್ ಕೀಲೈಟಿಸ್ ಎಂಬ ಈ ಸ್ಥಿತಿ ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತದೆ. ಇಡೀ ತುಟಿ ಒಂದೇ ರೀತಿ ಒರಟಾಗಿರುವಾಗ ಕೆಟ್ಟ ಜಾಗ ಯಾವುದೆಂದು ಬರಿಗಣ್ಣಿಗೆ ತಿಳಿಯದು. ವೈದ್ಯರು ಬೆಳಕಿನ ನೆರವು ಅರಸಿದ್ದು ಇದಕ್ಕಾಗಿಯೇ.

ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1903ರಲ್ಲಿ ರೂಪಿಸಿದ ಶೋಧಕ ಗಾಜು, ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಅತಿನೇರಳೆ ಕಿರಣವನ್ನು ಹಾಯಗೊಡುತ್ತಿತ್ತು. ಅಂಥ ಗಾಜು ಅಳವಡಿಸಿದ ದೀಪದಡಿ ಇಲಿಗಳ ಗಡ್ಡೆ ಕೆಂಪಗೆ ಹೊಳೆದುದನ್ನು ಫ್ರಾನ್ಸಿನ ಪೊಲಿಕಾರ್ 1924ರಲ್ಲಿ ವರದಿ ಮಾಡಿದ. ಹೊಳಪಿನ ಮೂಲ ಪಾರ್ಫಿರಿನ್ ಎಂಬ ವರ್ಣದ್ರವ್ಯ. 1990ರಲ್ಲಿ ಕೆನಡಾದ ಕೆನಡಿ ಮತ್ತು ಪಾಟಿಯರ್, ಅಮಿನೊಲೆವುಲಿನಿಕ್ ಆಮ್ಲವನ್ನು ಚರ್ಮಕ್ಕೆ ಲೇಪಿಸಿ ಅಂಥ ಪಾರ್ಫಿರಿನ್ ಅನ್ನು ರೋಗಕೋಶಗಳಲ್ಲಿ ಬೆಳೆಸಬಹುದೆಂದು ತೋರಿಸಿದರು. ಮುಂದೆ ಇದು ತುಟಿಗೂ ಬಂತು: ಸುಮಾರು 405 ನ್ಯಾನೊಮೀಟರಿನ ನೇರಳೆ ಬೆಳಕು ಬಿದ್ದಾಗ ಕೆಟ್ಟ ಭಾಗ ಕೆಂಪಗೆ ಬೆಳಗಿ ತನ್ನ ಎಲ್ಲೆಯನ್ನು ತಾನೇ ತೋರಿಸುತ್ತದೆ.

ಲೇಪವೇ ಬೇಡದ ದಾರಿಯೂ ಇದೆ. ಆರೋಗ್ಯವಂತ ಅಂಗಾಂಶದ ಕೊಲ್ಯಾಜೆನ್ ನೀಲಿ ಬೆಳಕಿಗೆ ಹಸಿರಾಗಿ ಮಿನುಗುತ್ತದೆ. ಜೀವಕೋಶಗಳು ಕೆಡುತ್ತ ಬಂದಂತೆ ಕೊಲ್ಯಾಜೆನ್‌ನ ಹೆಣಿಗೆ ಸಡಿಲಗೊಂಡು, ರಕ್ತ ಹೆಚ್ಚಿ, ಆ ಜಾಗ ಕಪ್ಪಾಗಿ ಕಾಣುತ್ತದೆ. ಈ ಬದಲಾವಣೆಯ ಮೇಲೆ ಕೆನಡಾದ ವ್ಯಾಂಕೂವರ್‌ನ ಸಂಶೋಧಕರು ನಡೆಸಿದ ಕೆಲಸದಿಂದ ಹುಟ್ಟಿದ, ಕೈಯಲ್ಲಿ ಹಿಡಿಯುವ ವೆಲ್‌ಸ್ಕೋಪ್ ಉಪಕರಣ 2006ರಲ್ಲಿ ಅಮೆರಿಕದ ಅನುಮತಿ ಪಡೆಯಿತು. ಆದರೆ ಬರಿಯ ಉರಿಯೂತವೂ ಕಪ್ಪಾಗಿಯೇ ಕಾಣುತ್ತದೆ. ನಮ್ಮವರ ತುಟಿಯಲ್ಲಿ ಸಹಜವಾಗಿರುವ ಕಂದು ವರ್ಣವೂ ಅಷ್ಟೇ. ಹಾಗಾಗಿ ಈ ಉಪಕರಣವನ್ನು ಇಲ್ಲಿ ಹಾಗೆಯೇ ನಂಬುವುದು ತಪ್ಪು.

ಹೊಳಪನ್ನಲ್ಲ, ಅಣುಗಳ ಕಂಪನವನ್ನೇ ಓದುವ ವಿಧಾನದ ಬೇರು ಸಿ. ವಿ. ರಾಮನ್ 1928ರಲ್ಲಿ ಕಂಡ ಪರಿಣಾಮದಲ್ಲಿದೆ. ಬಾಯಿಯ ಅಂಗಾಂಶಗಳನ್ನು ರಾಮನ್ ರೋಹಿತದಿಂದ ಗುರುತಿಸುವ ಸಂಶೋಧನೆ ಮಣಿಪಾಲದಲ್ಲೂ ನಡೆದಿದೆ.

ಬೆಳಕು ಎಲ್ಲಿ ನೋಡಬೇಕೆಂದು ಹೇಳುತ್ತದೆ, ಏನಿದೆಯೆಂದು ಹೇಳದು. ಸಂಶಯದ ಗಾಯಗಳ ಮೌಲ್ಯಮಾಪನಕ್ಕೆ ವೆಲ್‌ಸ್ಕೋಪ್‌ನಂಥ ಉಪಕರಣಗಳನ್ನು ಶಿಫಾರಸು ಮಾಡುವುದಿಲ್ಲವೆಂದು ಅಮೆರಿಕದ ದಂತವೈದ್ಯರ ಸಂಘದ ತಜ್ಞ ಸಮಿತಿ 2017ರಲ್ಲಿ ಹೇಳಿತು. ರೋಗ ಖಚಿತವಾಗುವುದು ಇಂದಿಗೂ ಬಯಾಪ್ಸಿಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ.