ಗಂಧದೆಣ್ಣೆ: ಗುಳಿಗೆಯಿಂದ ಸಾಬೂನಿಗೆ

ಮೊಳಕಾಲ್ಮೂರಿನ ಹೊಲಗಳ ಶೇಂಗಾ ಚಳ್ಳಕೆರೆಯ ಗಿರಣಿಗಳಲ್ಲಿ ಎಣ್ಣೆಯಾಗುವುದನ್ನು ನೀವು ಬಲ್ಲಿರಿ. ಆ ಎಣ್ಣೆಯ ಒಂದು ಹನಿಯನ್ನು ಕಾಗದದ ಮೇಲೆ ಹಾಕಿ. ಜಿಡ್ಡಿನ ಕಲೆ ಹಾಗೇ ಉಳಿಯುತ್ತದೆ. ಪಕ್ಕದಲ್ಲಿ ನೀಲಗಿರಿ ಎಣ್ಣೆಯ ಹನಿ ಹಾಕಿ. ಅದು ಕ್ರಮೇಣ ಆವಿಯಾಗಿ ಹೋಗುತ್ತದೆ. ಹೀಗೆ ಆವಿಯಾಗುವ, ಪರಿಮಳವುಳ್ಳ ಸಸ್ಯತೈಲಗಳೇ ಸಾರತೈಲಗಳು. ಇವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆಯೆಂದು ನೀವು ಓದಿರಬಹುದು. ನಮ್ಮ ನಾಡಿನ ಹೆಸರಾಂತ ಸಾರತೈಲವಾದ ಗಂಧದೆಣ್ಣೆಯ ಚರಿತ್ರೆ ಈ ಮಾತನ್ನು ಪರೀಕ್ಷಿಸಲು ಒಳ್ಳೆಯ ಉದಾಹರಣೆ.

ಮೈಸೂರು ಸಂಸ್ಥಾನ ಶ್ರೀಗಂಧದ ಕೊರಡುಗಳನ್ನು ಹರಾಜು ಹಾಕುತ್ತಿತ್ತು. ಅವುಗಳ ದೊಡ್ಡ ಪಾಲು ಜರ್ಮನಿಗೆ ಹೋಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಈ ವ್ಯಾಪಾರ ನಿಂತಿತು. ಸಂಸ್ಥಾನದ ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಎಣ್ಣೆಯನ್ನು ಇಲ್ಲಿಯೇ ತೆಗೆಯಲು ಮುಂದಾದರು. ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಪ್ರಯೋಗಗಳನ್ನು ನಡೆಸಿದರು. 1916ರಲ್ಲಿ ತಯಾರಿಕೆ ಆರಂಭವಾಯಿತು.

ಇಲ್ಲೊಂದು ಸೊಗಸಾದ ಭೌತಶಾಸ್ತ್ರವಿದೆ. ಈ ಎಣ್ಣೆಯ ಮುಖ್ಯ ಘಟಕ ಸ್ಯಾಂಟಲಾಲ್ ಕುದಿಯುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಒಂದರಲ್ಲೊಂದು ಬೆರೆಯದ ಎರಡು ದ್ರವಗಳ ಆವಿ ಒತ್ತಡಗಳು ಕೂಡಿಕೊಳ್ಳುತ್ತವೆ. ಆ ಮೊತ್ತ ವಾಯುಮಂಡಲದ ಒತ್ತಡಕ್ಕೆ ಸಮನಾದರೆ ಸಾಕು, ಮಿಶ್ರಣ ಕುದಿಯುತ್ತದೆ. ಆದ್ದರಿಂದ ಹಬೆಯೊಡನೆ ಎಣ್ಣೆ 100 ಡಿಗ್ರಿಗಿಂತ ತುಸು ಕೆಳಗೇ ಹೊರಬರುತ್ತದೆ.

ಆಗ ಈ ಎಣ್ಣೆ ಬೇಕಾಗಿದ್ದುದು ಪರಿಮಳಕ್ಕೆ ಮಾತ್ರವಲ್ಲ. ಮೂತ್ರನಾಳದ ಸೋಂಕಿಗೆ, ಮುಖ್ಯವಾಗಿ ಗೊನೋರಿಯಾಕ್ಕೆ, ವೈದ್ಯರು ಅದನ್ನು ಗುಳಿಗೆಗಳಲ್ಲಿ ಕೊಡುತ್ತಿದ್ದರು. 1930ರ ದಶಕದಲ್ಲಿ ಸಲ್ಫಾ ಔಷಧಗಳು, 1940ರ ದಶಕದಲ್ಲಿ ಪೆನಿಸಿಲಿನ್ ಬಂದವು. ಗಂಧದೆಣ್ಣೆ ಔಷಧಾಲಯದಿಂದ ಹಿಂದೆ ಸರಿದು ಸಾಬೂನು, ಅತ್ತರುಗಳಲ್ಲಿ ಉಳಿಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1976ರಲ್ಲಿ ಪೆನಿಸಿಲಿನ್ ಅನ್ನೇ ಒಡೆದುಹಾಕುವ ಗೊನೋರಿಯಾ ಬ್ಯಾಕ್ಟೀರಿಯಾ ತಳಿಗಳು ವರದಿಯಾದವು. ಇಂತಹ ನಿರೋಧದಿಂದಾಗಿ ವಿಜ್ಞಾನಿಗಳ ಗಮನ ಮತ್ತೆ ಸಾರತೈಲಗಳತ್ತ ಹರಿದಿದೆ. ಇವುಗಳ ಹಲವು ಅಣುಗಳು ಕೊಬ್ಬಿನಂಶವಿರುವ ಕೋಶಪೊರೆಯೊಳಗೆ ಸೇರಿ ಅದನ್ನು ಸಡಿಲಿಸುತ್ತವೆ. ಅಯಾನುಗಳು ಸೋರುತ್ತವೆ, ಪೊರೆಯ ಎರಡೂ ಬದಿಗಳ ನಡುವಿನ ವಿಭವಾಂತರ ಕುಸಿಯುತ್ತದೆ.

ಹಾಗಾದರೆ ಹಳೆಯ ವೈದ್ಯರು ಸರಿಯಾಗಿದ್ದರೇ? ಅವಸರ ಬೇಡ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಿರುವುದು ಒಂದು ಮಾತು, ರೋಗಿ ಗುಣವಾಗುವುದು ಇನ್ನೊಂದು. ಅಷ್ಟೇ ಪ್ರಬಲವಾದ ಎಣ್ಣೆ ದೇಹದೊಳಗೆ ಸೋಂಕಿನ ಜಾಗವನ್ನು ಮುಟ್ಟಬೇಕು, ನಮ್ಮ ಕೋಶಗಳಿಗೆ ಹಾನಿ ಮಾಡಬಾರದು. 'ನೈಸರ್ಗಿಕ' ಎಂಬ ಹಣೆಪಟ್ಟಿ ಇದಕ್ಕೆ ಸಾಕ್ಷಿಯಾಗದು. ವಿದ್ಯಾರ್ಥಿಗಳು ಇಂತಹ ಜಾಹೀರಾತು ತಂದು ತೋರಿಸಿದಾಗ ಒಂದು ಪ್ರಶ್ನೆ ಕೇಳಿರಿ: ಪರೀಕ್ಷೆ ನಡೆದದ್ದು ತಟ್ಟೆಯಲ್ಲೋ, ರೋಗಿಗಳಲ್ಲೋ?