ಅಂತೆಕಂತೆ

ಹುಬ್ಬಳ್ಳಿಯ ದುರ್ಗದಬೈಲಿನ ಗಿರ್ಮಿಟ್ ಗಾಡಿ ಮುಂದೆ ಕಾಲೇಜು ಹುಡುಗರ ಮಾತು ಹೀಗೆ ಸಾಗಬಹುದು: ‘ಕಲ್ಕಿ ಪಾರ್ಟ್ ಟೂದಾಗ ಸುಮತಿ ಪಾತ್ರ ಯಾರ ಮಾಡ್ತಾರಂತ?’ ‘ಅದ ಬಿಡಲೇ, ಕಮಲಹಾಸನ್ ಗಾಂಡೀವ ಹಿಡದ ಫೈಟ್ ಮಾಡ್ತಾನಂತ!’ ಇಂಥ ಮಾತಿನ ರಾಶಿಗೆ ಕನ್ನಡದಲ್ಲಿ ಅಂತೆಕಂತೆ ಎಂದು ಹೆಸರು.

‘ಅಂತೆ’ಯ ಬೇರು ‘ಅನ್ನು’ ಎಂಬ ಕ್ರಿಯಾಪದದಲ್ಲಿದೆ. ಮಾತಿನ ಬಾಲಕ್ಕೆ ಅದು ಅಂಟಿತೆಂದರೆ, ಹೇಳುವವನು ಕಂಡದ್ದಲ್ಲ, ಕೇಳಿದ್ದು ಎಂದಾಯಿತು. ಮೈಸೂರು ಕಡೆ ‘ಬರ್ತಾನಂತೆ’, ಹುಬ್ಬಳ್ಳಿ-ಧಾರವಾಡದಲ್ಲಿ ‘ಬರ್ತಾನಂತ’. ‘ಎಂದು’ ಅನ್ನುವುದಕ್ಕೂ ನಮ್ಮಲ್ಲಿ ‘ಅಂತ’ವೇ, ಒಂದೇ ರೂಪಕ್ಕೆ ಎರಡು ದುಡಿಮೆ. ಕಂತೆಯ ಕತೆ ಬೇರೆ. ಊಟಗೀಟ, ಸಿನಿಮಾಗಿನಿಮಾದ ಜಾಡಿನಲ್ಲಿ ‘ಅಂತೆಗಿಂತೆ’ ಆಗಬೇಕಿತ್ತು. ಹುಲ್ಲಿನ ಕಂತೆ, ನೋಟಿನ ಕಂತೆಯಲ್ಲಿರುವ ಕಂತೆಯೇ ಇಲ್ಲಿ ಪ್ರಾಸಕ್ಕೆ ಒದಗಿತೆಂದು ನನ್ನ ಎಣಿಕೆ.

‘ಗಾಳಿಸುದ್ದಿ’ಯಲ್ಲಿ ಬೈಗುಳದ ವಾಸನೆಯಿದೆ, ಅಂತೆಕಂತೆಯಲ್ಲಿ ತುಸು ನಗೆ. ಸುದ್ದಿಗೂ ಅಂತೆಕಂತೆಗೂ ನಡುವಿನ ಗೆರೆಗೆ ಆ ಹುಡುಗರ ಕಲ್ಕಿಯೇ ಉದಾಹರಣೆ. ನಾಗ್ ಅಶ್ವಿನ್ ನಿರ್ದೇಶನದ ‘ಕಲ್ಕಿ 2898 ಎಡಿ’ ತೆರೆಕಂಡದ್ದು 2024ರ ಜೂನ್ 27ಕ್ಕೆ. ಸುಮತಿಯಾಗಿದ್ದ ದೀಪಿಕಾ ಪಡುಕೋಣೆ ಮುಂದಿನ ಭಾಗದಲ್ಲಿ ಇರುವುದಿಲ್ಲ ಎಂದು 2025ರ ಸೆಪ್ಟೆಂಬರಿನಲ್ಲಿ ನಿರ್ಮಾಣ ಸಂಸ್ಥೆ ವೈಜಯಂತಿ ಮೂವೀಸ್ ತಾನೇ ಪ್ರಕಟಿಸಿತು. ಅದು ಸುದ್ದಿ. ಅವರ ಜಾಗಕ್ಕೆ ಇಂಥವರು ಬರ್ತಾರಂತೆ ಎಂದು ಆಗ ಹರಿದಾಡಿದ ಹೆಸರುಗಳೆಲ್ಲ ಅಂತೆಕಂತೆ.

ಸಿನಿಮಾ ಪುಟದವರಲ್ಲಿ ಒಂದೇ ವಿನಂತಿ: ತಲೆಬರಹ ಉದ್ದವಾಯಿತೆಂದು ಆ ಪುಟ್ಟ ‘ಅಂತೆ’ಯನ್ನು ಕತ್ತರಿಸಬೇಡಿ.