ಕೈಗೆ ಹಾಕೋ ಪ್ಲಾಸ್ಟರ್‌ಗೂ ಒಂದು ಇತಿಹಾಸ ಇದೆ: ದಬ್ಬೆಯಿಂದ ಪಿ.ಒ.ಪಿ. ತನಕ

1/6
ಬೀರೂರು, ತರೀಕೆರೆ, ಅಜ್ಜಂಪುರ ಕಡೆಯವರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಕೊನೆ ಕೊಯ್ಯೋಕೆ ಅಡಿಕೆ ಮರ ಹತ್ತಿದೋರು ಜಾರ್ತಾರೆ, ತೋಟದ ಬದು ಮೇಲೆ ಕಾಲು ತಪ್ಪುತ್ತೆ, ಮಳೇಲಿ ಬೈಕ್ ಸ್ಕಿಡ್ ಆಗುತ್ತೆ. ಬೀಳುವಾಗ ಎಲ್ಲರೂ ಮಾಡೋದು ಒಂದೇ: ಕೈ ಊರೋದು. ಅದಕ್ಕೇ ಮಣಿಕಟ್ಟಿನ ಹತ್ರ ಮೂಳೆ ಮುರಿಯೋದು ಅಷ್ಟು ಸಾಮಾನ್ಯ.

ಪ್ಲಾಸ್ಟರ್ ರೂಮಿಗೆ ಹೋದ್ರೆ ಕಾಣೋದು ಹತ್ತಿ, ಬಿಳಿ ಪಟ್ಟಿ, ಒಂದು ಬಕೆಟ್ ನೀರು. ಇಷ್ಟೇನಾ ಅನ್ಸುತ್ತೆ. ಆದ್ರೆ ಪಟ್ಟಿ ನೀರಿಗೆ ಅದ್ದೋಕೆ ಮುಂಚೆ ಮಾಡೋ ಒಂದೊಂದು ತಯಾರಿ ಹಿಂದೆಯೂ ಒಂದು ಪಾಠ ಇದೆ. ಕೆಲವು ಪಾಠಕ್ಕೆ ಯಾರೋ ತಮ್ಮ ಕೈಯನ್ನೇ ಬೆಲೆ ಕೊಟ್ಟಿದ್ದಾರೆ.

2/6
ಮೊದಲು ಇದ್ದದ್ದು ದಬ್ಬೆ. ಸುಶ್ರುತ ಸಂಹಿತೆಯಲ್ಲಿ ಮುರಿದ ಮೂಳೆಗೆ ಆಸರೆಯಾಗಿ ಹಿಪ್ಪೆ, ಅತ್ತಿ, ಅರಳಿ, ಮುತ್ತುಗ, ಆಲದ ತೊಗಟೆ ಮತ್ತು ಬಿದಿರನ್ನ ಹೇಳಿದೆ. ಎಲ್ಲಾ ನಮಗೆ ಗೊತ್ತಿರೋ ಮರಗಳೇ! ಕಟ್ಟು ಸಡಿಲ ಆದ್ರೆ ಮೂಳೆ ನಿಲ್ಲಲ್ಲ, ಬಿಗಿ ಆದ್ರೆ ಊತ, ನೋವು ಬರುತ್ತೆ ಅಂತಲೂ ಅಲ್ಲಿದೆ. ಇನ್ನೊಂದು ಮಾತು ಗಮನಿಸಿ: ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಬೇಸಿಗೇಲಿ 3 ದಿನಕ್ಕೊಮ್ಮೆ, ಉಳಿದ ಕಾಲದಲ್ಲಿ 5 ದಿನಕ್ಕೊಮ್ಮೆ ಕಟ್ಟು ಬಿಚ್ಚಿ ಮತ್ತೆ ಕಟ್ಟಬೇಕು. ಈ 'ಬಿಚ್ಚಿ ಕಟ್ಟೋದು' ನೆನಪಿರಲಿ, ಮುಂದೆ ಬೇಕಾಗುತ್ತೆ.

ಕರ್ನಾಟಕದ ಎಷ್ಟೋ ಊರಲ್ಲಿ 'ಪುತ್ತೂರು ಕಟ್ಟು' ಅಂತ ಬೋರ್ಡ್ ನೋಡಿರ್ತೀರಿ. ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದಲ್ಲಿ ತಿರುಪತಿ ಕಡೆಯ ಪುತ್ತೂರು. ಸೊಪ್ಪಿನ ಅರಪು, ಮೊಟ್ಟೆಯ ಬಿಳಿ, ಬಿದಿರು ದಬ್ಬೆ, ಮೇಲೆ ಬಟ್ಟೆ. ಮೊಟ್ಟೆಯ ಬಿಳಿ ಒಣಗಿದ್ರೆ ಗಟ್ಟಿಯಾಗುತ್ತೆ ಅನ್ನೋದು ಹಳೇ ಅರಬ್ ವೈದ್ಯರಿಗೂ ಗೊತ್ತಿತ್ತು.

3/6
1830ರ ದಶಕದಲ್ಲಿ ಬೆಲ್ಜಿಯಂನ ಲೂಯಿ ಸ್ಯೂಟಿನ್ ಅನ್ನೋ ಸರ್ಜನ್ ಗಂಜಿ ಹಚ್ಚಿದ ಪಟ್ಟಿ ತಂದರು. ಹೌದು, ನಾವು ಸೀರೆಗೆ ಹಾಕ್ತೀವಲ್ಲ, ಅಂಥದ್ದೇ ಗಂಜಿ. ಕಷ್ಟ ಏನಂದ್ರೆ ಒಣಗೋಕೆ ಎರಡು ಮೂರು ದಿನ. ಅಷ್ಟರಲ್ಲಿ ಕೂಡಿಸಿದ ಮೂಳೆ ಜರುಗ್ತಿತ್ತು.

1852ರಲ್ಲಿ ನೆದರ್ಲೆಂಡ್ಸ್‌ನ ಸೇನಾ ವೈದ್ಯ ಆಂಟೋನಿಯಸ್ ಮ್ಯಾಥೈಸನ್ ಹತ್ತಿ ಬಟ್ಟೆಗೆ ಒಣ ಜಿಪ್ಸಮ್ ಪುಡಿ ಉಜ್ಜಿ ಇಟ್ಕೊಂಡು, ಬೇಕಾದಾಗ ನೀರಲ್ಲಿ ಒದ್ದೆ ಮಾಡೋ ವಿಧಾನ ಪ್ರಕಟಿಸಿದರು. ಕೆಲವೇ ನಿಮಿಷಕ್ಕೆ ಗಟ್ಟಿ! 1854ರ ಕ್ರೈಮಿಯಾ ಯುದ್ಧದಲ್ಲಿ ರಷ್ಯಾದ ಸರ್ಜನ್ ಪಿರೊಗೊವ್ ಪ್ಲಾಸ್ಟರನ್ನ ದೊಡ್ಡ ಮಟ್ಟದಲ್ಲಿ ಬಳಸಿದರು. ಕೈ ಕಾಲು ಕತ್ತರಿಸೋದೇ ದಾರಿ ಅಂದ್ಕೊಂಡಿದ್ದ ಎಷ್ಟೋ ಸೈನಿಕರಿಗೆ ಅದು ಉಳೀತು.

4/6
ಆದ್ರೆ ಇಲ್ಲೇ ಹೊಸ ಅಪಾಯ. ಬಟ್ಟೆ ಕಟ್ಟನ್ನ ಬಿಚ್ಚಿ ಕಟ್ಟಬಹುದು. ಪ್ಲಾಸ್ಟರ್ ಹಿಗ್ಗಲ್ಲ. ಪೆಟ್ಟಾದ ಕೈ ಮಾತ್ರ ಮೊದಲ ಒಂದೆರಡು ದಿನ ಊದ್ತಾನೇ ಇರುತ್ತೆ. ಒಳಗೆ ಒತ್ತಡ ಏರಿ, ರಕ್ತ ಓಡಾಡದೆ ಮಾಂಸಖಂಡ ಸಾಯುತ್ತೆ. 1881ರಲ್ಲಿ ಜರ್ಮನಿಯ ರಿಚರ್ಡ್ ಫೋಕ್ಮನ್ ಇದನ್ನೇ ಬರೆದರು: ಅತಿ ಬಿಗಿ ಕಟ್ಟಿನಿಂದ ಬೆರಳು ಉಗುರಿನಂತೆ ಒಳಕ್ಕೆ ಬಾಗಿ ಹಂಗೇ ನಿಂತುಬಿಡುತ್ತೆ. ಮೂಳೆ ಕೂಡಿದೆ, ಕೈ ಹೋಗಿದೆ.

ಬಿದಿರು ದಬ್ಬೆ ಆಗ್ಲಿ, ಆಸ್ಪತ್ರೆ ಪ್ಲಾಸ್ಟರ್ ಆಗ್ಲಿ, ಈ ನಿಯಮಕ್ಕೆ ಎರಡೂ ಒಂದೇ. ಪ್ಲಾಸ್ಟರ್‌ನಲ್ಲಿ ಆಮೇಲೆ ಸಡಿಲ ಮಾಡೋಕೆ ಆಗಲ್ಲ, ಕತ್ತರಿಸ್ಬೇಕು. ಅದಕ್ಕೇ ಊತಕ್ಕೆ ಜಾಗ ಮೊದಲೇ ಇಡ್ಬೇಕು. ಇಡೀ ತಯಾರಿಯ ಗುಟ್ಟು ಇದೇ.

5/6
ಈಗ ತಯಾರಿ ನೋಡಿ, ಎಲ್ಲಾ ಅರ್ಥ ಆಗುತ್ತೆ.

▪ ಉಂಗುರ, ಬಳೆ, ವಾಚು, ಕಟ್ಟಿದ ದಾರ ಮೊದಲೇ ತೆಗೀಬೇಕು. ಊತ ಬಂದ್ಮೇಲೆ ಉಂಗುರವೇ ಬಿಗಿ ಕಟ್ಟು. ದೇವರ ದಾರ ಅಂತ ಅಜ್ಜಿ ಒಪ್ಪದಿದ್ರೆ ಇನ್ನೊಂದು ಕೈಗೆ ಕಟ್ಟಿಕೊಳ್ಳಲಿ.
▪ ಗಾಯ ಇದೆಯಾ ನೋಡಿ ಡಾಕ್ಟರಿಗೆ ಹೇಳ್ಬೇಕು. ನಾಡಿ, ಬೆರಳಿನ ಬಣ್ಣ, ಸ್ಪರ್ಶ, ಅಲುಗಾಟ ಪ್ಲಾಸ್ಟರ್‌ಗೆ ಮುಂಚೆಯೇ ಬರೆದಿಡ್ಬೇಕು. ಆಮೇಲೆ ಹೋಲಿಸೋಕೆ ಅದೇ ಆಧಾರ.
▪ ಬನಿಯನ್ ಬಟ್ಟೆ ಥರದ ತೋಳು, ಅದರ ಮೇಲೆ ಹತ್ತಿ. ಮಣಿಕಟ್ಟು, ಮೊಣಕೈಯ ಮೂಳೆ ಉಬ್ಬಿನ ಮೇಲೆ ಹೆಚ್ಚು ಹತ್ತಿ.
▪ ನೀರು ಬಿಸಿ ಇರಬಾರದು. ಜಿಪ್ಸಮ್ಮನ್ನ ಸುಮಾರು 150 ಡಿಗ್ರಿಗೆ ಕಾಯಿಸಿ ನೀರು ಓಡಿಸಿರ್ತಾರೆ. ನೀರು ಮತ್ತೆ ಸೇರಿದಾಗ ಅದೇ ಬಿಸಿ ಬಿಡುತ್ತೆ. ಬಿಸಿನೀರು ಹಾಕಿದ್ರೆ ಚರ್ಮ ಸುಡಬಹುದು. 'ಬಿಸಿ ಆಗುತ್ತೆ, ಹೆದರ್ಬೇಡಿ, ಉರಿ ಅನ್ಸಿದ್ರೆ ಹೇಳಿ' ಅಂತ ಮೊದಲೇ ತಿಳಿಸಿ.
▪ ನೀರಲ್ಲಿ ಗುಳ್ಳೆ ಬರೋದು ನಿಂತ್ಮೇಲೆ ಪಟ್ಟಿ ಎತ್ತಿ ಮೆಲ್ಲಗೆ ಹಿಂಡಬೇಕು. ಕೈ ಹಿಡಿಯೋದು ಅಂಗೈಯಿಂದ, ಬೆರಳ ತುದಿಯಿಂದಲ್ಲ. ಬೆರಳ ಗುಳಿ ಗಟ್ಟಿಯಾದ್ರೆ ಒಳಗೆ ಹುಣ್ಣು.
▪ ಹೊಸ ಪೆಟ್ಟಿಗೆ ಸಾಮಾನ್ಯವಾಗಿ ಮೊದಲು ಒಂದು ಕಡೆಯ ಸ್ಲ್ಯಾಬ್, ಊತ ಇಳಿದ್ಮೇಲೆ ಪೂರ್ತಿ ಕ್ಯಾಸ್ಟ್. ಸುಶ್ರುತ ಸಂಹಿತೆಯ 'ಬಿಚ್ಚಿ ಕಟ್ಟೋದು' ಇಲ್ಲಿ ಬೇರೆ ರೂಪದಲ್ಲಿ ವಾಪಸ್ ಬಂತು!

6/6
ಇದನ್ನ ಓದಿ ಮನೇಲಿ ಯಾರೂ ಪ್ಲಾಸ್ಟರ್ ಹಾಕೋಕೆ ಹೋಗ್ಬೇಡಿ. ಆದ್ರೆ ಹಾಕಿಸ್ಕೊಂಡು ಬಂದೋರನ್ನ ನೋಡ್ಕೊಳ್ಳೋದು ನೀವೇ. ಕೈ ಎದೆಗಿಂತ ಮೇಲಿರಲಿ, ಬೆರಳು ಆಡಿಸ್ತಿರಲಿ. ನೋವು ಏರ್ತಾನೇ ಹೋದ್ರೆ, ಬೆರಳು ನೇರ ಮಾಡಿದಾಗ ಜೀವ ಹೋದಂಗಾದ್ರೆ, ಜೋಮು ಹಿಡಿದ್ರೆ, ಬೆರಳು ಬಿಳಚಿದ್ರೆ ಅಥವಾ ನೀಲಿ ಆದ್ರೆ 'ಬೆಳಗ್ಗೆ ನೋಡೋಣ' ಅನ್ಬೇಡಿ. ರಾತ್ರಿ ಎಷ್ಟೇ ಹೊತ್ತಾಗಿರ್ಲಿ, ಹತ್ತಿರದ ಆಸ್ಪತ್ರೆಗೆ ಹೊರಡಿ. ಕೈ ಉಳಿಯೋದು ಗಂಟೆಗಳ ಲೆಕ್ಕದಲ್ಲಿ.

ಸೇವ್ ಮಾಡ್ಕೊಳ್ಳಿ. ತೋಟಕ್ಕೆ ಹೋಗೋ ಅಪ್ಪ, ಚಿಕ್ಕಪ್ಪ, ಅಣ್ಣನಿಗೂ ಓದಿ ಹೇಳಿ.

#ಬೀರೂರು #ಇತಿಹಾಸ #ಪ್ಲಾಸ್ಟರ್‌ಕಥೆ